ಮಳೆಯಿಲ್ಲದ ನಾಡಿನ ಚೀಟಿಗಳು

ಅಪ್ಪನಿಗೆ ಮೊದಲ ಅಂಚೆಚೀಟಿ ಸಿಕ್ಕಿದ್ದು ದಾವಣಗೆರೆಯ ಚರ್ಮದ ಡಾಕ್ಟರ ಮೇಜಿನ ಮೇಲೆ. ನಾನು ಜೊತೆಗಿದ್ದೆ. ನಾಲ್ಕನೆಯ ತರಗತಿ ಮುಗಿದ ಬೇಸಿಗೆ ರಜೆ, ಬಸ್ಸು ಹತ್ತುವ ಆಸೆಗೆ ಹಟ ಮಾಡಿ ಹೋಗಿದ್ದೆ. ಅಪ್ಪನ ಬೆರಳ ತುದಿಯಲ್ಲಿ ಶುರುವಾದ ಬಿಳಿ ಮಚ್ಚೆ ಅಷ್ಟು ಹೊತ್ತಿಗೆ ಮುಂಗೈ ದಾಟಿ ಮೊಣಕೈಗೆ ಏರಿತ್ತು. ಡಾಕ್ಟರು ಕೈ ಹಿಡಿದು ತಿರುಗಿಸಿ ನೋಡಿ, ಇದು ತೊನ್ನು, ಅಂಟುವಂಥದ್ದಲ್ಲ, ಸಾಯಿಸುವಂಥದ್ದೂ ಅಲ್ಲ, ಆದರೆ ಹೋಗುವುದಿಲ್ಲ ಎಂದರು. ಅಪ್ಪ ಅಂಗಿಯ ತೋಳು ಇಳಿಸಿಕೊಂಡ. ಆಮೇಲೆ ಮೇಜಿನ ಮೇಲಿದ್ದ ಪರದೇಶದ ಲಕೋಟೆ ತೋರಿಸಿ, "ಆ ಚೀಟಿ ಕೊಡ್ತೀರೇನ್ರಿ? ಔಷಧ ಅಂತೂ ಇಲ್ಲ ಅಂದ್ರಿ. ಬರಿಗೈಲಿ ಮನಿಗಿ ಹೋಗಬಾರದು" ಎಂದ. ಡಾಕ್ಟರು ನಕ್ಕು, ಲಕೋಟೆಯ ಮೂಲೆ ಕತ್ತರಿಸಿ ಕೊಟ್ಟರು. ಹಿಮದ ಮೇಲೆ ನಿಂತ ಎರಡು ಪೆಂಗ್ವಿನ್ ಹಕ್ಕಿಗಳ ಚಿತ್ರ. ಹರಪನಹಳ್ಳಿ ಬರುವವರೆಗೂ ಅಪ್ಪ ಅದನ್ನು ಅಂಗೈಯಲ್ಲಿ ಇಟ್ಟುಕೊಂಡೇ ಇದ್ದ.

ನಮ್ಮ ಊರು ಕೊಟ್ಟೂರಿಗೂ ಹರಪನಹಳ್ಳಿಗೂ ನಡುವೆ. ಹೆಸರು ಹೇಳುವುದಿಲ್ಲ, ನನ್ನ ತಮ್ಮ ಅಲ್ಲಿ ಇನ್ನೂ ಬಾಳಬೇಕು. ಬಸ್ಸು ನಿಲ್ಲುವ ಕಡೆ ನಮ್ಮ ಕಿರಾಣಿ ಅಂಗಡಿ, ಊರಿಗೆ ಅಪ್ಪ ಸಾವ್ಕಾರ. ಅಪ್ಪನ ಕೈ ಬೆಳ್ಳಗಾಗುತ್ತ ಹೋದಂತೆ ಗಿರಾಕಿಗಳು ಬೆಲ್ಲ ಬೇಡ, ಬೇಳೆ ಬೇಡ, ಬೆಂಕಿಪೆಟ್ಟಿಗೆ ಸೋಪು ಸಾಕು ಎನ್ನತೊಡಗಿದರು. ಎಷ್ಟು ನಾಜೂಕಿನ ಜನ ನೋಡಿ! ಬಾಯಿ ಬಿಟ್ಟು ಒಬ್ಬರೂ ಏನೂ ಅನ್ನಲಿಲ್ಲ. ಮೊದಲೇ ಕಾಗದ ಸುತ್ತಿ ಬಂದ ಸಾಮಾನು ಮಾತ್ರ ಕೊಂಡರು. ಕೊನೆಗೆ ಅವ್ವ ತಕ್ಕಡಿ ಹಿಡಿದಳು. ಅಪ್ಪ ಒಳಗೆ ಮೂಟೆಗಳ ನಡುವೆ ಕುಳಿತ. ಕೂತವನಿಗೆ ಚೀಟಿಯ ಹುಚ್ಚು ಹತ್ತಿತು.

ಹುಚ್ಚು ಅಂದರೆ ಅಂಥಿಂಥ ಹುಚ್ಚಲ್ಲ. ಹೊಸಪೇಟೆಯ ಪುಸ್ತಕದಂಗಡಿಯಲ್ಲಿ ಪರದೇಶದ ಚೀಟಿಗಳ ಪಾಕೀಟು ಮಾರುತ್ತಿದ್ದರು. ಅಪ್ಪ ಸಾಮಾನು ತರಲು ಹೋದಾಗ ಒಂದೊಂದು ತರುವನು. ಅದರೊಳಗಿನ ರಾಜ ರಾಣಿ, ಹೂವು, ರೈಲು ಎಲ್ಲ ನನಗೆ. ಹಿಮ ಇದ್ದದ್ದು ಮಾತ್ರ ಅವನಿಗೆ. ಹಿಮ ಒಡೆಯುವ ರಷ್ಯಾದ ಹಡಗು, ಬಿಳಿ ಕರಡಿ, ನಾಯಿ ಎಳೆಯುವ ಬಂಡಿ, ಧ್ರುವದ ಮೇಲೆ ನೆಟ್ಟ ಬಾವುಟ. ಕಾಗದ ಅಂಟಿದ ಚೀಟಿಗಳನ್ನು ಪರಾತದ ನೀರಲ್ಲಿ ನೆನೆಹಾಕಿ, ಬಿಡಿಸಿ, ಹಳೆಯ ಪೇಪರಿನ ನಡುವೆ ಇಟ್ಟು ಮೇಲೆ ತೂಕದ ಕಲ್ಲು ಹೇರುವನು. ಕಪ್ಪು ಹಾಳೆಯ ದಪ್ಪ ಆಲ್ಬಮ್ ಒಂದನ್ನು ಅದಕ್ಕೆಂದೇ ತಂದಿದ್ದ. ಕಪ್ಪಿನ ಮೇಲೆ ಬಿಳಿ ಎದ್ದು ಕಾಣುತ್ತದೆ ಅಂತ.

"ಕುಡಿಯಾಕ ಬಾವ್ಯಾಗ ನೀರಿಲ್ಲ, ಇವರ ಚೀಟಿಗಿ ದಿನಾ ಜಳಕ!" ಎಂದು ಅವ್ವ ಸಿಡುಕುತ್ತಿದ್ದಳು.

"ಅವ್ಕ ನೀರು ಹೊಸದಲ್ಲ ಬಿಡು, ಹಿಮ ಅಂದ್ರ ಗಟ್ಟಿಯಾದ ನೀರ" ಎಂದು ಅಪ್ಪ ನಗುತ್ತಿದ್ದ.

ಎಂಬತ್ತರ ದಶಕದ ಮೊದಲಲ್ಲಿ ನಮ್ಮ ದೇಶದವರೇ ದಕ್ಷಿಣ ಧ್ರುವದ ಹಿಮಖಂಡಕ್ಕೆ ಹೋಗಿಬಂದರು. ಅದರ ನೆನಪಿಗೆ ಅಂಚೆಚೀಟಿ ಬಂತು. ಅಪ್ಪನ ಖುಷಿ ಏನು ಹೇಳಲಿ! ತಾನೇ ಹೋಗಿಬಂದವನ ಹಾಗೆ ಅಂಗಡಿಯ ಮುಂದೆ ಬಂದು ನಿಂತ. ಗಲ್ಲಾಪೆಟ್ಟಿಗೆಯ ಪಕ್ಕದ ಗಾಜಿನ ಕೆಳಗೆ ಆ ಚೀಟಿ ಇಟ್ಟು, ಬಂದವರಿಗೆಲ್ಲ ತೋರಿಸಿದ. "ನಮ್ಮವರು ಹೋಗ್ಯಾರ ನೋಡ್ರಿ. ನೆಲ ಎಲ್ಲಾ ಬೆಳ್ಳಗ, ನನ್ನ ಕೈ ಇದ್ದಂಗ. ಅಲ್ಲಿ ಮಳೀನ ಬರಂಗಿಲ್ಲಂತ, ಗೊತ್ತೇನು?" ಓದಿ ತಿಳಿದದ್ದನ್ನು ಹೇಳಿದ, ಅಷ್ಟೇ. ಗಿರಾಕಿಗಳು ನಕ್ಕರು. ತಮ್ಮ ಮೈಮೇಲಿನ ಮಚ್ಚೆಯನ್ನು ತಾವೇ ಆಡಿಕೊಳ್ಳುವವರ ಎದುರು ಜನಕ್ಕೆ ಸುಲಭವಾಗುತ್ತದೆ. ಆದರೆ ಊರು ಯಾವ ಮಾತನ್ನೂ ಚೆಲ್ಲುವುದಿಲ್ಲ, ಎಲ್ಲೋ ಒಂದು ಕಡೆ ಕಟ್ಟಿಡುತ್ತದೆ.

ಅದೇ ವರ್ಷದ ಮಳೆಗಾಲದಲ್ಲಿ ಅಪ್ಪ ಸೇಂಗಾ ನೋಡಲು ಹಡಗಲಿ ಕಡೆ ಹೋದವನು ಮುಖ ಸಪ್ಪಗೆ ಮಾಡಿಕೊಂಡು ಬಂದ. ಊಟ ಬೇಡ ಎಂದ. ಅವ್ವ ಬಿಡದೆ ಕೇಳಿದಾಗ ಹೇಳಿದ. ಆ ಕಡೆಯ ಒಂದು ಊರಲ್ಲಿ ಮಳೆ ತಪ್ಪಿತ್ತು. ತೊನ್ನಿನವರನ್ನು ಹುಗಿದರೆ ಮುಗಿಲು ಒಣಗುತ್ತದೆ ಅಂತ ನಮ್ಮ ಸೀಮೆಯಲ್ಲೊಂದು ನಂಬಿಕೆ ಇದೆ. ಹಿಂದಿನ ವರ್ಷ ಸತ್ತ ಒಬ್ಬ ತೊನ್ನಿನ ಮುದುಕನನ್ನು ಅಗೆದು ತೆಗೆದು, ಸೀಮೆಎಣ್ಣೆ ಸುರಿದು ಸುಟ್ಟಿದ್ದರು. ಅಪ್ಪ ಹೊಗೆಯನ್ನು ರಸ್ತೆಯಿಂದಲೇ ಕಂಡಿದ್ದ. ಯಾವನೋ ಹೊಲ ಸುಡುತ್ತಿದ್ದಾನೆ ಅಂದುಕೊಂಡು ಹತ್ತಿರ ಹೋಗಿದ್ದ.

ನಮ್ಮದು ಹುಗಿಯುವ ಮನೆತನ. ಸತ್ತವರನ್ನು ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗ ಕೊಟ್ಟು, ಕೂತ ಹಾಗೇ ಮಣ್ಣಿಗೆ ಇಡುತ್ತೇವೆ. ಬೆಂಕಿಗೆ ಕೊಡುವ ಮಾತೇ ಇಲ್ಲ. ಅಪ್ಪ ಅವತ್ತಿನಿಂದ ಗಾಜಿನ ಕೆಳಗಿನ ಚೀಟಿ ಯಾರಿಗೂ ತೋರಿಸಲಿಲ್ಲ.

ಒಂದು ದಿನ ನನ್ನನ್ನು ಒಳಗೆ ಕರೆದ. ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. ಕೈಯಲ್ಲೊಂದು ವಾರಪತ್ರಿಕೆ ಇತ್ತು. ಕಲ್ಲಿದ್ದಲು, ಎಣ್ಣೆ ಸುಟ್ಟ ಹೊಗೆಯಿಂದ ಭೂಮಿ ಬಿಸಿಯಾಗುತ್ತಿದೆ, ಹೀಗೇ ಆದರೆ ಧ್ರುವದ ಹಿಮ ಕರಗಿ ಮಳೆಗಾಲಗಳೆಲ್ಲ ಅದಲುಬದಲಾಗಬಹುದು ಅಂತ ಯಾರೋ ಬರೆದಿದ್ದರು. ನಾನು ಓದಿ, "ಆದ್ರ ಆತು, ನಮಗೇನಪ್ಪ?" ಎಂದೆ. ಅಪ್ಪ ಆಲ್ಬಮ್ಮಿನ ಮೇಲೆ ಕೈ ಇಟ್ಟುಕೊಂಡಿದ್ದ. ಅಷ್ಟು ಹೊತ್ತಿಗೆ ಕೈಯಲ್ಲಿ ಅವನ ಹಳೆಯ ಬಣ್ಣ ಎಲ್ಲೂ ಉಳಿದಿರಲಿಲ್ಲ.

"ಹುಚ್ಚಿ, ಮಳಿ ದಾರಿ ತಪ್ಪಿದ್ರ ಇವರು ಹುಡುಕ್ಕೊಂಡು ಬರೋದು ನನ್ನನ್ನ" ಎಂದ. "ಈ ಬರಹ ಖರೇ ಆದ್ರ ಒಂದು ಸಲ ಅಲ್ಲ, ಮ್ಯಾಲಿಂದ ಮ್ಯಾಲ ತಪ್ಪತೈತಿ. ಮಣ್ಣಿಗಿ ಇಟ್ಟ ಮ್ಯಾಲ ನನ್ನ ಎಬ್ಬಿಸಗೊಡಬ್ಯಾಡ್ರಿ ತಂಗೀ. ಅಷ್ಟ ಮಾಡ್ರಿ."

ನನಗೆ ಸಿಟ್ಟು ಬಂತು. ಇದೇನು ಮಾತು, ಬಿಡ್ತು ಅನ್ನು ಎಂದು ಗದರಿ ಎದ್ದು ಹೋದೆ. ನನ್ನ ಸ್ವಭಾವವೇ ಅದು, ಹೆದರಿಕೆಯಾದರೆ ಜಗಳಕ್ಕೆ ನಿಲ್ಲುತ್ತೇನೆ.

ಅಪ್ಪ ಸತ್ತದ್ದು ಒಳ್ಳೆಯ ಮಳೆಯ ವರ್ಷ, ಎದೆನೋವಿನಿಂದ. ಹೊಲದ ಬದುವಿನ ಬೇವಿನ ಗಿಡದ ಹತ್ತಿರ ಮಣ್ಣಿಗೆ ಇಟ್ಟೆವು. ಊರೆಲ್ಲ ಬಂದಿತ್ತು. ಊರ ಗೌಡರು ಕೂಡ ಬಂದು ಒಂದು ಹಿಡಿ ಮಣ್ಣು ಹಾಕಿ ಕಣ್ಣೊರೆಸಿಕೊಂಡರು. ಅವರು ಅಪ್ಪನ ಓರಗೆಯವರು, ಒಟ್ಟಿಗೆ ಕೊಟ್ಟೂರಿಗೆ ಓದಲು ನಡೆದು ಹೋದವರು.

ಅದರ ಮರುವರ್ಷ ಮಳೆ ತಪ್ಪಿತು. ರೋಹಿಣಿ ಮಳೆ ಹೋಯಿತು, ಮಿರಗ ಹೋಯಿತು. 'ಆದರೆ ಆರಿದ್ರ, ಇಲ್ಲದಿದ್ದರೆ ದರಿದ್ರ' ಅಂತಾರಲ್ಲ, ಆರಿದ್ರವೂ ಒಣಗಾಳಿ ಬೀಸಿ ಹೋಯಿತು. ಊರಲ್ಲಿ ಮಳೆ ಬೇಡಿ ಗುರ್ಜಿ ಹೊತ್ತರು, ಹಂಚಿನ ಮೇಲಿನ ಆ ಸೆಗಣಿ ಮೂರ್ತಿಯ ಮೇಲೆ ಮನೆಮನೆಯವರೂ ನೀರು ಸುರಿದರು. ನಮ್ಮ ಬಾಗಿಲಿಗೆ ಗುರ್ಜಿ ಬರಲಿಲ್ಲ. ಅವ್ವ ತುಂಬಿದ ಕೊಡ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಗುರ್ಜಿ ಹೊತ್ತವನು ನಮ್ಮ ಮನೆ ಬಿಟ್ಟು ಪಕ್ಕದ ಮನೆಗೆ ಹೋದ. ಅವ್ವ ಕೊಡ ಇಳಿಸಿ ಒಳಗೆ ಬಂದಳು. ನಮಗೆ ಆವಾಗಲೇ ತಿಳಿಯಿತು.

ಅಂಗಡಿಯ ಮುಂದೆ ಮಾತು ಶುರುವಾಗಿತ್ತು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವವರು ಯಾರು? "ಸಾವ್ಕಾರ ಅಂತಿದ್ನಲ್ಲ, ಬೆಳ್ಳನ ನೆಲದಾಗ ಮಳೀನ ಬರಂಗಿಲ್ಲಂತ. ತಾನ ಬಾಯಿಬಿಟ್ಟು ಹೇಳ್ಯಾನ." ಅಪ್ಪನ ಆ ನಗೆಮಾತು ಸಾಕ್ಷಿಯಾಗಿ ಎದ್ದು ನಿಂತಿತ್ತು. ನಾನು ಸುಮ್ಮನಿರಲಿಲ್ಲ. ಪತ್ರಿಕೆ ಹಿಡಿದುಕೊಂಡು ಹೋಗಿ, ಇಡೀ ಭೂಮಿಯೇ ಬಿಸಿಯಾಗುತ್ತಿದೆ, ಧ್ರುವದ ಬಿಳಿ ಕರಗುತ್ತಿದೆ, ಮಳೆ ಏರುಪೇರಾಗುವುದು ಅದಕ್ಕೆ ಎಂದು ಬಾಯಿ ಒಣಗುವಂತೆ ಹೇಳಿದೆ. ಕಟ್ಟೆಯ ಮೇಲೆ ಕೂತ ಒಬ್ಬ ಹಿರಿಯ ಸಮಾಧಾನವಾಗಿ ಕೇಳಿಸಿಕೊಂಡು, "ಅದನ್ನ ನಾವೂ ಅನ್ನೋದು ತಂಗಿ. ಬಿಳೇದು ಅದರ ಜಾಗಾದಾಗ ಇರಬೇಕು. ನಮ್ಮ ನೆಲದಾಗ ಇರಬಾರದು" ಎಂದ. ನಾನು ಪತ್ರಿಕೆ ಮಡಚಿಕೊಂಡು ಮನೆಗೆ ಬಂದೆ. ಇವರಿಗೆ ಏನಂತ ಹೇಳುವುದು!

ಪುಷ್ಯ ಮಳೆಯೂ ಹೋದ ಮೇಲೆ ಒಂದು ಬೆಳಿಗ್ಗೆ ಊರವರು ನಮ್ಮ ಹೊಲಕ್ಕೆ ಬಂದರು. ಗುದ್ದಲಿ, ಸಲಿಕೆ, ಸೀಮೆಎಣ್ಣೆ ಡಬ್ಬಿ. ಸುದ್ದಿ ತಿಳಿದು ನಾನು, ತಮ್ಮ ಓಡಿದೆವು. ಅವ್ವ ನಮಗಿಂತ ಮೊದಲೇ ಅಲ್ಲಿದ್ದಳು. ಬೇವಿನ ನೆರಳಲ್ಲಿ ಸಮಾಧಿಯ ಮಣ್ಣಿನ ಮೇಲೆ ಕಾಲು ಮಡಚಿ ಕುಳಿತಿದ್ದಳು. ತೊಡೆಯ ಮೇಲೆ ಅಪ್ಪನ ಆಲ್ಬಮ್ ಇತ್ತು.

"ಏಳವ್ವ" ಎಂದರು ಗೌಡರು. ಧ್ವನಿ ಗಟ್ಟಿಯಿರಲಿಲ್ಲ. "ಊರ ಸಲುವಾಗಿ. ನನಗೇನು ಆಸೆ ಐತೇನು?"

"ನಿಮಗ ಬೇಕಾಗಿದ್ದು ಬಿಳೇದು ಹೌದಲ್ರೀ ಗೌಡ್ರ?" ಎಂದಳು ಅವ್ವ. "ಆತನ ಬಿಳೇದೆಲ್ಲಾ ಇದರಾಗ ಐತಿ. ಮೈಮ್ಯಾಲ ಎಷ್ಟು ಎದ್ದಿತೋ ಅಷ್ಟನ್ನ ಇದರಾಗ ಕೂಡಿಟ್ಟಾನ. ನೀವ ನೋಡೀರಲ್ಲ, ಕೂತಲ್ಲೇ ಕೂತು ಕೂಡಿಟ್ಟಿದ್ದು. ಮಳಿ ಇಲ್ಲದ ನಾಡು ಇದರಾಗ ಐತಿ, ಮಣ್ಣಾಗಿಲ್ಲ. ಇದನ್ನ ಸುಡ್ರಿ. ಆತನ ಕೈಯಾಗ ಲಿಂಗ ಐತಿ. ಅದರ ಮ್ಯಾಲ ಗುದ್ದಲಿ ಹಾಕೋ ಗಂಡಸು ಯಾರದಾನ, ಮುಂದ ಬರ್ರಿ."

ಯಾರೂ ಮುಂದೆ ಬರಲಿಲ್ಲ. ಗೌಡರು ಆಲ್ಬಮ್ ಬಿಡಿಸಿ ಹಾಳೆ ಹಾಳೆ ತಿರುವಿದರು. ಕಪ್ಪಿನ ಮೇಲೆ ಬಿಳಿ, ಬಿಳಿ, ಬಿಳಿ. ಹಿಂದೆ ನಿಂತವರು ಕತ್ತು ಚಾಚಿ ನೋಡಿ ಗುಸುಗುಸು ಅಂದರು. ಯಾರೋ ಒಬ್ಬ "ಹೌದಲೇ, ಎಷ್ಟೈತಿ ನೋಡು" ಎಂದ. ಗೌಡರ ಮುಖದಲ್ಲಿ ಬದುಕಿದೆಯಾ ಬಡಜೀವವೇ ಅನ್ನುವ ಕಳೆ ಬಂತು. ಗೆಳೆಯನನ್ನು ಅಗೆಯುವುದು ಅವರಿಗೂ ಬೇಕಿರಲಿಲ್ಲ. "ಆಕಿ ಹೇಳೋದ್ರಾಗ ಅರ್ಥ ಐತಿ" ಎಂದು ಸೀಮೆಎಣ್ಣೆ ತರಿಸಿದರು.

ಪೆಂಗ್ವಿನ್, ಕರಡಿ, ಹಡಗು ಎಲ್ಲ ಕಣ್ಣೆದುರಿಗೇ ಸುಟ್ಟವು. ಚೀಟಿ ಅಂಟಿಸಲು ಅಪ್ಪ ಬಳಸಿದ್ದ ಜಾಲಿ ಗೋಂದು ಸುರುಟಿ ನಾತ ಬಂತು. ನಾನು ಅತ್ತೆ. ಅಪ್ಪ ಸತ್ತಾಗಲೂ ಹಾಗೆ ಅತ್ತಿರಲಿಲ್ಲ. ಅವ್ವನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು, ಆ ಮೂಢರ ಮಾತನ್ನೇ ಇವಳೂ ಆಡಿದಳಲ್ಲ ಅಂತ. ಮನೆಗೆ ಬಂದ ಮೇಲೆ ಹಾಗೆಂದೇ ಅಂದೆ. ಅವ್ವ ಒಲೆಯ ಮುಂದೆ ಕೂತು, "ನಿನ್ನ ಮಾತು ಹೇಳಿ ನೋಡಿದ್ಯಲ್ಲ, ಏನಾತು?" ಎಂದಳು.

ವಾರ ತುಂಬುವುದರೊಳಗೆ ಮಳೆ ಬಂತು. ಅದೂ ಎಂಥ ಮಳೆ! ಹಳ್ಳ ಕೊಳ್ಳ ಒಂದಾಗಿ, ಬಸ್ಸು ನಿಂತು, ಅಂಗಡಿಯ ಮೆಟ್ಟಿಲವರೆಗೂ ನೀರು. ಜನ ಕುಣಿದರು. ಮಳೆ ಬಂದರೆ ಕೇಡಲ್ಲ, ಮಗ ಉಂಡರೆ ಕೇಡಲ್ಲ ಎನ್ನುವ ಗಾದೆ ಮಾಡಿದವರು ನಮ್ಮ ಊರಿನ ಆ ಮಳೆ ನೋಡಿರಲಿಲ್ಲ. ಅವ್ವ ಬಾಗಿಲಲ್ಲಿ ನಿಂತು ಮಳೆ ನೋಡುತ್ತ, "ಇದು ಬರಬಾರದಿತ್ತು" ಎಂದಳು. ಅವಳು ಅಷ್ಟು ಹೆದರಿದ್ದನ್ನು ನಾನು ಮೊದಲು ಕಂಡದ್ದು ಆಗ. ಬಿಳಿಯದನ್ನು ಸುಟ್ಟರೆ ಮಳೆ ಬರುತ್ತದೆ ಅಂತ ಊರಿಗೆ ಈಗ ಖಾತ್ರಿಯಾಗಿತ್ತು.

ಖಾತ್ರಿಯಾದದ್ದು ಇನ್ನೊಬ್ಬಳಿಗೂ. ಬಸ್‌ಸ್ಟ್ಯಾಂಡಿನ ಹಿಂದೆ ಭಟ್ಟಿ ಇಟ್ಟು ಮಂಡಕ್ಕಿ ಹುರಿಯುತ್ತಿದ್ದ ಹೆಂಗಸು, ನಾವು ಮಂಡಕ್ಕಿ ಅಕ್ಕ ಎನ್ನುತ್ತಿದ್ದೆವು. ಅವಳ ತುಟಿಯ ಸುತ್ತ, ಕೊರಳಲ್ಲಿ ತೊನ್ನಿತ್ತು. ಅವರ ಮನೆಯಲ್ಲೂ ಹುಗಿಯುವುದೇ. ಮಳೆ ನಿಂತ ಮರುದಿನ ಸೆರಗಿನಲ್ಲಿ ಬಿಸಿ ಮಂಡಕ್ಕಿ ಕಟ್ಟಿಕೊಂಡು ಬಂದು ನನ್ನ ಮುಂದೆ ಇಟ್ಟಳು.

"ನನಗೂ ಅಂಥಾದ್ದೊಂದು ಬುಕ್ಕು ಮಾಡಿಕೊಡು ತಂಗಿ. ನಾಳಿ ನಾನು ಸತ್ತ ಮ್ಯಾಲ ನನ್ನ ಮಗ ಏನು ಹಿಡಕೊಂಡು ಮಾತಾಡಬೇಕು?"

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅಕ್ಕ, ಇದೆಲ್ಲ ಸುಳ್ಳು ಎಂದೆ. "ಸುಳ್ಳ ಇರಲಿ. ಖರೇ ಹೇಳಿ ಉಳಿದವರನ್ನ ನೀನು ತೋರಿಸು" ಎಂದಳು. ಹೊಸ ಆಲ್ಬಮ್ ತಂದೆ. ಗಾಜಿನ ಕೆಳಗಿದ್ದ ಅಪ್ಪನ ಚೀಟಿಯನ್ನೇ ಮೊದಲ ಹಾಳೆಗೆ ಅಂಟಿಸಿದೆ. ಹೊಸಪೇಟೆಗೆ ಹೋದಾಗಲೆಲ್ಲ ಪಾಕೀಟು ತಂದೆ. ಅವಳೋ, ಸಂಜೆ ಭಟ್ಟಿ ಆರಿಸಿ ಬಂದು ಒಂದೊಂದನ್ನೇ ಹಿಡಿದು ನೋಡುವಳು. ಹಡಗು ಕೆಂಪಗಿದ್ದರೆ ಬೇಡ. ಬಾವುಟ ಬೇಡ. ಹಕ್ಕಿಯ ಬೆನ್ನು ಕರ್ರಗಿದೆ, ಬೇಡ. "ಬರೇ ಬಿಳೇದು ಇಲ್ಲೇನು?" ಎಂದು ಕೇಳುವಳು. "ಅಕ್ಕ, ಇದೇನು ಅರಿವಿ ಅಂಗಡೇನು?" ಎಂದು ನಾನು ರೇಗುತ್ತಿದ್ದೆ. ಇಬ್ಬರೂ ನಗುತ್ತಿದ್ದೆವು. ನಕ್ಕು ಮುಗಿದ ಮೇಲೆ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಿಟಕಿಯಾಚೆ ಮುಗಿಲು ನೋಡುವಳು.

ಆಲ್ಬಮ್ಮಿನ ಎರಡು ಹಾಳೆ ತುಂಬುವುದರೊಳಗೆ ಅವಳು ತೀರಿಕೊಂಡಳು. ಭಟ್ಟಿಯ ಹೊಗೆ ಕುಡಿದು ಕುಡಿದು ಹಾಳಾದ ಎದೆ. ಅದರ ಮುಂದಿನ ವರ್ಷ ಮತ್ತೆ ಮಳೆ ತಪ್ಪಿತು. ಊರವರು ಗುದ್ದಲಿ ಹಿಡಿದು ಸ್ಮಶಾನಕ್ಕೆ ಹೊರಟಾಗ ಅವಳ ಮಗ, ಮದುವೆಯಾಗಿ ಮಕ್ಕಳಿದ್ದವನು, ಆಲ್ಬಮ್ ಎದೆಗೆ ಅವಚಿಕೊಂಡು ಗೌಡರ ಕಾಲಿಗೆ ಬಿದ್ದ. ನಾನೂ ಅವ್ವನೂ ಹಿಂದೆಯೇ ಇದ್ದೆವು. ಗೌಡರು ತೆರೆದು ನೋಡಿದರು. ಎರಡು ಹಾಳೆಯ ಆಚೆ ಎಲ್ಲ ಕಪ್ಪು.

"ಇಷ್ಟರಾಗ ಏನು ಸುಡ್ಲಿ?" ಎಂದರು. ಕಟ್ಟೆಯ ಹಿರಿಯ ಬಗ್ಗಿ ನೋಡಿ, "ಇದು ಆಕಿ ಕೂಡಿಟ್ಟಿದ್ದಲ್ಲ, ಸಾವ್ಕಾರನ ಮಗಳು ಕೂಡಿಟ್ಟಿದ್ದು" ಎಂದ. ಎಂಥ ಸೂಕ್ಷ್ಮ ನ್ಯಾಯ! ನಾನು ಕೂಗಾಡಿದೆ, ಬೈದೆ, ಪೊಲೀಸರ ಹೆಸರೆತ್ತಿದೆ. ಹೆಂಗಸರು ನನ್ನ ತೋಳು ಹಿಡಿದು ಪಕ್ಕಕ್ಕೆ ಸರಿಸಿದರು. ಮಂಡಕ್ಕಿ ಅಕ್ಕನಿಗೆ ಸ್ವಂತ ಹೊಲವಿರಲಿಲ್ಲ, ಕೈಯಲ್ಲಿ ಲಿಂಗವಿರಲಿಲ್ಲ, ಅವಳ ಓರಗೆಯ ಗೌಡರಿರಲಿಲ್ಲ. ಅಗೆದರು, ಸುಟ್ಟರು. ಇರಲಿ ಅಂತ ಆಲ್ಬಮ್ಮನ್ನೂ ಮೇಲೆ ಹಾಕಿದರು. ಮಗ ದೂರದಲ್ಲಿ ಬೆನ್ನು ಹಾಕಿ ಕೂತಿದ್ದ.

ಆ ಸಲ ಮಳೆ ಬರಲಿಲ್ಲ. ವಾರ ಹೋಯಿತು, ಆಶ್ಲೇಷ ಹೋಯಿತು. ಅವಳನ್ನು ಸುಟ್ಟದ್ದು ತಪ್ಪಾಯಿತು ಎಂದು ಒಬ್ಬನಾದರೂ ಅಂದಾನು ಎಂದು ಕಾದೆ. ಯಾರೂ ಅನ್ನಲಿಲ್ಲ. ಬದಲಿಗೆ ಒಂದು ಮಧ್ಯಾಹ್ನ, ಬೀಡಿ ಕೊಳ್ಳಲು ಬಂದವನೊಬ್ಬ ಅವ್ವನ ಮುಖ ನೋಡದೆ, ತಕ್ಕಡಿ ನೋಡುತ್ತ ಹೇಳಿದ: "ಸಾವ್ಕಾರಂದು ಅವತ್ತು ಬರೇ ಕಾಗದ ಸುಟ್ಟಿದ್ದು, ಅಲ್ಲೇನವ್ವ?"

ಅವ್ವ ಬೀಡಿ ಕೊಟ್ಟಳು. ಅಂಗಡಿಯ ಬಾಗಿಲು ಹಾಕಿದಳು. ಒಲೆಯ ಗುಂಡು, ಹಂಚು, ಜೋಳದ ಹಿಟ್ಟಿನ ಡಬ್ಬಿ ಬಂಡಿಗೆ ಹೇರಿಸಿ ಹೊಲಕ್ಕೆ ಹೋದಳು. ಬೇವಿನ ಕೆಳಗೆ ತಗಡಿನ ಚಪ್ಪರ ಹಾಕಿಸಿ ಅಪ್ಪನ ಮಗ್ಗುಲಲ್ಲೇ ಇದ್ದುಬಿಟ್ಟಳು. ಅಲ್ಲೇ ರೊಟ್ಟಿ ಬಡಿದಳು, ಅಲ್ಲೇ ಮಲಗಿದಳು. ನಾನೂ ತಮ್ಮನೂ ಸರದಿಯಂತೆ ಜೊತೆಗಿದ್ದೆವು. ದಾರಿಹೋಕರು ಬದುವಿನಲ್ಲಿ ನಿಂತು ನೋಡಿ ಹೋಗುತ್ತಿದ್ದರು. ಒಬ್ಬರೂ ಮಾತಾಡಿಸುತ್ತಿರಲಿಲ್ಲ. ಗೌಡರು ಒಮ್ಮೆ ಬಂದು, ಚಪ್ಪರದ ಹೊರಗೆ ಕುಕ್ಕರಗಾಲಲ್ಲಿ ಕೂತು, "ಇನ್ನ ನನ್ನ ಮಾತು ನಡಿಯಂಗಿಲ್ಲವ್ವ" ಎಂದು ಹೇಳಿ ಎದ್ದು ಹೋದರು. ಸೆಪ್ಟೆಂಬರಿನಲ್ಲಿ ಹುಬ್ಬೆ ಮಳೆ ಹನಿಯುವ ತನಕ ಅವ್ವ ಆ ಮಣ್ಣು ಬಿಟ್ಟು ಏಳಲಿಲ್ಲ.

ಅವ್ವ ಈಗಿಲ್ಲ. ಅಪ್ಪನ ಮಗ್ಗುಲಲ್ಲೇ ಇದ್ದಾಳೆ. ನಾನು ಹೊಸಪೇಟೆಯಲ್ಲಿ ನೌಕರಿ ಮಾಡಿ ನಿವೃತ್ತಳಾದೆ. ಆ ಮೇಲೆ ಒಂದು ಚೀಟಿಯನ್ನೂ ಕೂಡಿಡಲಿಲ್ಲ. ಆದರೆ ನಾನು ಬಿಟ್ಟರೂ ಧ್ರುವದ ಸುದ್ದಿ ನನ್ನನ್ನು ಬಿಡುತ್ತಿಲ್ಲ. ಪೇಪರಿನಲ್ಲಿ, ಟಿವಿಯಲ್ಲಿ ಅದೇ. ಹಿಮ ಒಡೆಯಿತು, ಕರಗಿತು, ಮಳೆಗಾಲ ನಂಬುವ ಹಾಗಿಲ್ಲ. ಅಪ್ಪ ಮೂಟೆಗಳ ನಡುವೆ ಕೂತು ಓದಿ ಹೆದರಿದ್ದನ್ನು ಈಗ ಎಲ್ಲರೂ ಓದುತ್ತಿದ್ದಾರೆ. ಬಿಳಿ ಕರಡಿಯ ಚಿತ್ರ ನೋಡಿ ನನ್ನ ಮೊಮ್ಮಗಳು ಅಯ್ಯೋ ಪಾಪ ಎನ್ನುತ್ತಾಳೆ. ನಾನು ಎದ್ದು ಊರಿಗೆ ಫೋನ್ ಮಾಡುತ್ತೇನೆ.

"ಮಳಿ ಬಂತೇನೋ?"

"ಇನ್ನಾ ಇಲ್ಲಕ್ಕ."

"ಹೊಲದ ಕಡಿ ಹೋಗಿದ್ದೇನು?"

ಬಿತ್ತನೆಯ ಬಗ್ಗೆ ಕೇಳುತ್ತಿಲ್ಲ ಎಂದು ತಮ್ಮನಿಗೆ ಗೊತ್ತು.

"ಬೆಳಿಗ್ಗೆ ಹೋಗಿದ್ದೆ" ಎನ್ನುತ್ತಾನೆ. "ಅಪ್ಪ ಅದಾನ."